ಆಂಬುಲೆನ್ಸ್ ಕೆಲಸಕ್ಕ ಅನಾಟಮಿ ಎಷ್ಟ ಬೇಕು, ಹೆಂಗ ಓದಬೇಕು? ಗೊತ್ತಿದ್ದವರು ಹೇಳ್ರಿ

ತಿಕೋಟಾ_ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ನಾ ವಿಜಯಪುರದಾಗ ಇಎಂಟಿ (ಆಂಬುಲೆನ್ಸಿನ್ಯಾಗ ತುರ್ತು ಚಿಕಿತ್ಸಾ ಕೊಡೋರ) ಕೋರ್ಸ್ ಮಾಡಾಕತ್ತೇನ್ರಿ, ಮೂರು ತಿಂಗಳಾತು. ಪಿಯುಸಿ ಆರ್ಟ್ಸ್ ಓದಿದಾವ, ಅದೂ ಕನ್ನಡ ಮೀಡಿಯಂ, ಅದಕ್ಕ ಅನಾಟಮಿ (ದೇಹದ ರಚನಾ), ಫಿಸಿಯಾಲಜಿ (ದೇಹ ಹೆಂಗ ಕೆಲಸ ಮಾಡ್ತೈತಿ ಅನ್ನೋದು) ಅಂದ್ರ ಭಾಳ ತ್ರಾಸ ಆಗಾಕತ್ತೈತಿ. 206 ಎಲಬಿನ ಹೆಸರು ಬಾಯಿಪಾಠ ಮಾಡಾಕ ಕುಂತ್ರ ರಾತ್ರಿ ಓದಿದ್ದು ಮುಂಜಾನಿಗೆ ಇರಂಗಿಲ್ಲ. ಮೊನ್ನೆ ಕ್ಲಾಸಿನ್ಯಾಗ ಸರ್ ಕೇಳಿದ್ರು, ಒಬ್ಬಾಂವಂದು ತೊಡಿ ಎಲಬು ಮುರದೈತಿ, ಹೊರಗ ಒಂದ ಹನಿ ರಕ್ತ ಇಲ್ಲ, ಆದ್ರೂ ಶಾಕಿಗೆ ಹೋಗ್ಯಾನ, ಯಾಕ ಅಂತ. ನನಗ ಫೀಮರ್ ಅನ್ನೋ ಹೆಸರು ಗೊತ್ತಿತ್ತು, ದೇಹದಾಗ ಎಲ್ಲಾಕ್ಕಿಂತ ಉದ್ದನ್ನ ಎಲಬು ಅನ್ನೋದೂ ಗೊತ್ತಿತ್ತು, ಉತ್ತರ ಮಾತ್ರ ಬರಲಿಲ್ಲ. ಸುಮ್ನ ನಿಂತೆ. ಪರೀಕ್ಷಾ ಹೆಂಗರ ಪಾಸ್ ಆಗ್ತೀನ್ರಿ, ಆದ್ರ ಗಾಡಿ ಮ್ಯಾಲ ನಿಂತಾಗ ಹಿಂಗ ಸುಮ್ನ ನಿಂತ್ರ ಹೆಂಗ? ಕೆಲಸದಾಗ ಇದ್ದವರು ಯಾರರ ಇದ್ರ ಹೆಂಗ ಓದಬೇಕು ಅಂತ ಹೇಳ್ರಿ ದಯವಿಟ್ಟು.

ಘಟಪ್ರಭಾ_ದಂಡಿ
ತಮ್ಮಾ, ನಾ ಬಾಗಲಕೋಟಿ ಜಿಲ್ಲಾದಾಗ ಆಂಬುಲೆನ್ಸ್ ಮ್ಯಾಲ 11 ವರ್ಷ ಆತು. ಮೊದಲ ನಿನ್ನ ಸರ್ ಕೇಳಿದ್ದಕ್ಕ ಉತ್ತರ ಹೇಳ್ತೀನಿ, ಅದರಾಗ ಅರ್ಧ ಫಿಸಿಯಾಲಜಿ ಐತಿ. 70 ಕೆಜಿ ಮನಷ್ಯಾನ ಮೈಯಾಗ ರಕ್ತ ಸುಮಾರು 5 ಲೀಟರ್, ಕೆಜಿಗೆ 70 ಎಂಎಲ್ ಅಂತ ಲೆಕ್ಕ ಹಿಡಿ. ತೊಡಿ ಅಂದ್ರ ದಪ್ಪನ್ನ ಸ್ನಾಯು, ಒಳಗ ಜಾಗ ಭಾಳ, ಎಲಬು ಮುರದ್ರ ಒಂದ ತೊಡಿಯಾಗನ 1ರಿಂದ ಒಂದೂವರಿ ಲೀಟರ್ ರಕ್ತ ಕುಂದ್ರತೈತಿ, ಹೊರಗ ಚರ್ಮ ಹರದಿರಂಗಿಲ್ಲ, ತೊಡಿ ಒಂಚೂರು ಬಾತಂಗ ಕಾಣತೈತಿ ಅಷ್ಟ. ಎರಡೂ ತೊಡಿ ಮುರದ್ರ 3 ಲೀಟರ್ ತನಕ ಹೋಗಬಹುದು. 5ರಾಗ 3 ಹೋದ್ರ ಉಳದದ್ದೆಷ್ಟು ನೀನ ನೋಡು. ಸೊಂಟದ ಎಲಬಂದು ಇದಕ್ಕಿಂತ ಕೆಟ್ಟ, ಅಲ್ಲಿ ಒತ್ತಿ ಹಿಡಿಯಾಕೂ ಆಗಂಗಿಲ್ಲ.

ಇನ್ನ ಶಾಕ್ ಅಂದ್ರೇನು. ಮೈಯಾಗಿನ ಅಂಗಗಳಿಗೆ ಬೇಕಾದಷ್ಟ ರಕ್ತ ಮುಟ್ಟದಿರೋದು. ನಿಮ್ಮ ಮನ್ಯಾಗ ಬೋರ್ ಇದ್ರ ನಿನಗ ಇದು ತಾನ ತಿಳೀತೈತಿ. ಮೋಟಾರ್ ಇರಬೇಕು, ಪೈಪ್ ಇರಬೇಕು, ನೀರ ಇರಬೇಕು, ಮೂರರಾಗ ಒಂದ ಕೆಟ್ರೂ ಕಡೀ ಸಾಲಿನ ಗಿಡಕ್ಕ ನೀರ ಮುಟ್ಟಂಗಿಲ್ಲ. ಹೃದಯ ಮೋಟಾರ್, ರಕ್ತನಾಳ ಪೈಪ್, ರಕ್ತ ನೀರ. ಹಾರ್ಟ್ ಅಟ್ಯಾಕ್‌ದಾಗ ಮೋಟಾರ್ ಕೆಡ್ತೈತಿ, ಜೋರ ಅಲರ್ಜಿ ಇಲ್ಲಾ ಮೈಯೆಲ್ಲಾ ಸೋಂಕು ಆದ್ರ ಪೈಪ್ ಅಗಲ ಆಗಿಬಿಡ್ತಾವ, ಆಕ್ಸಿಡೆಂಟಿನ್ಯಾಗ ನೀರ ಸೋರ್ತೈತಿ. ಬೋರಿನ್ಯಾಗ ನೀರ ಕಡಿಮಿ ಆದಾಗ ನಾವೇನ ಮಾಡ್ತೀವಿ, ದೂರಿನ ಹೊಲದ ವಾಲ್ವ್ ಬಂದ್ ಮಾಡಿ ಮನಿ ಮುಂದಿನ ದನಕ್ಕ, ಕುಡಿಯಾಕ ಬಿಡ್ತೀವಿ ಹೌದಲ್ಲೋ, ಮೈನೂ ಹಂಗ ಮಾಡ್ತೈತಿ. ಚರ್ಮದ ವಾಲ್ವ್ ಬಂದ್, ಕರಳಿನ ವಾಲ್ವ್ ಬಂದ್, ಕಿಡ್ನಿಗೆ ಕಡಿಮಿ, ಇದ್ದದ್ದನ್ನೆಲ್ಲಾ ಮೆದುಳಿಗೆ ಹೃದಯಕ್ಕ. ಅದಕ್ಕ ಪೇಶಂಟ್ ಕೈ ತಣ್ಣಗ ಆಗ್ತಾವ, ಮುಖ ಬಿಳುಚ್ತೈತಿ, ಬೆವರು ಬಿಡ್ತಾವ, ನಾಡಿ ಓಡ್ತೈತಿ, ಬಿಪಿ ಮಾತ್ರ ಇನ್ನೂ 120 ತೋರಸ್ತೈತಿ. ಭಾಳ ಮಂದ್ಯಾಗ 30 ಪರ್ಸೆಂಟ್ ರಕ್ತ ಹೋಗೋ ತನಕ ಬಿಪಿ ಬೀಳಂಗಿಲ್ಲ. ಬಿಪಿ ಬಿದ್ದೈತಿ ಅಂದ್ರ ಮೈ ಮಾಡೋ ಕಸರತ್ತೆಲ್ಲಾ ಮುಗದಾವ ಅಂತ. ಅದಕ್ಕ ನಾ ಪೇಶಂಟ್ ಹತ್ರ ಹೋದಕೂಡ್ಲೆ ಬಿಪಿ ಕಫ್‌ಗಿಂತ ಮೊದಲ ಅವನ ಕೈ ಹಿಡೀತೀನಿ.

ತಿಕೋಟಾ_ಹುಡುಗ
ಕಾಕಾ, ಇದನ್ನ ಓದಿ ಮೈ ಜುಮ್ ಅಂತು. ವಾಲ್ವ್ ಬಂದ್ ಮಾಡೋದು ನಾ ದಿನಾ ಮಾಡ್ತೀನ್ರಿ ತ್ವಾಟದಾಗ.

ಬೆಳಗಾವಿ_ಸಿಸ್ಟರ್
ನಾನು ಬೆಳಗಾವಿಯೊಳಗ ಮಕ್ಕಳ ವಾರ್ಡಿನ್ಯಾಗ ಸ್ಟಾಫ್ ನರ್ಸ್. ಒಂದ ಮಾತು ಸೇರಸ್ತೀನಿ. ದೊಡ್ಡವರ ಅನಾಟಮಿ ಓದಿ, ಸಣ್ಣ ಕೂಸಂದೂ ಹಂಗ ಇರ್ತೈತಿ, ಸೈಜ್ ಅಷ್ಟ ಸಣ್ಣದು ಅಂತ ತಿಳಕೋಬ್ಯಾಡ. ಕೂಸಿನ ತಲಿ ಹಿಂಭಾಗ ದೊಡ್ಡದು, ಅದಕ್ಕ ಸಪಾಟ ಮಲಗಿಸಿದ್ರ ಕುತ್ತಿಗಿ ತಾನ ಮುಂದ ಬಗ್ಗಿ ಉಸುರಿನ ದಾರಿ ಮುಚ್ಚತೈತಿ, ಭುಜದ ಕೆಳಗ ಒಂದ ಅರವಿ ಮಡಿಚಿ ಇಟ್ರ ಸರಿ ಆಗ್ತೈತಿ. ನಾಲಿಗಿ ಬಾಯಿಗಿಂತ ದೊಡ್ಡದನ್ನಂಗ ಇರ್ತೈತಿ. ಪ್ರಜ್ಞೆ ತಪ್ಪಿದ ಯಾರಿಗೇ ಆಗಲಿ ಗಂಟಲಾ ಮುಚ್ಚೋದು ಭಾಳ ಸಲ ನಾಲಿಗೀನ, ಅದು ದವಡಿಗೆ ಅಂಟಿಕೊಂಡೈತಿ, ದವಡಿ ಮ್ಯಾಲ ಎತ್ತಿದ್ರ ನಾಲಿಗಿನೂ ಎದ್ದ ಬರ್ತೈತಿ. ಜಾ ಥ್ರಸ್ಟ್ ಅಂತ ನಿಮಗ ಕಲಿಸೋದು ಇದನ್ನ, ಅದರ ಹಿಂದಿನ ಅನಾಟಮಿ ಇಷ್ಟ.

ಇನ್ನ ಶೇಂಗಾ. ನಮ್ಮ ಕಡೆ ಶೇಂಗಾ ಇಲ್ಲದ ಮನಿ ಇಲ್ಲ, ಎರಡು ವರ್ಷದ ಕೂಸಿಗೆ ಹಿಂದಿನ ಹಲ್ಲು ಪೂರಾ ಇರಂಗಿಲ್ಲ ಅಗಿಯಾಕ ಬರಂಗಿಲ್ಲ, ನಕ್ಕೋತ ಓಡ್ಯಾಡಕೋತ ತಿಂತೈತಿ, ಒಂದ ಕಾಳ ಶ್ವಾಸನಾಳಕ್ಕ ಇಳೀತೈತಿ. ಇಳದದ್ದು ಭಾಳ ಸಲ ಬಲಗಡೆ ಹೋಗ್ತೈತಿ ಯಾಕಂದ್ರ ಬಲಗಡೆ ಬ್ರಾಂಕಸ್ (ಶ್ವಾಸನಾಳದ ಕವಲು) ಎಡಗಡಿದಕ್ಕಿಂತ ಅಗಲ, ಗಿಡ್ಡ, ಮತ್ತ ನೆಟ್ಟಗ ಕೆಳಗ ಇಳದೈತಿ, ಎಡಗಡಿದು ಹೃದಯಕ್ಕ ಜಾಗ ಬಿಡಾಕ ಅಡ್ಡ ಹೊಂಟಿರ್ತೈತಿ. ಮೊದಲ ಜೋರ ಕೆಮ್ಮು ಬಂದು ಆಮ್ಯಾಲ ಕೂಸು ಸುಮ್ನ ಆಗ್ತೈತಿ, ಮನಿಯವರು ಹೋತ ಬಿಡು ಅಂತಾರ, ಹೋಗಿರಂಗಿಲ್ಲ ಒಳಗ ಸರದಿರ್ತೈತಿ. ಎಕ್ಸರೇದಾಗ ಶೇಂಗಾ ಕಾಣಂಗಿಲ್ಲ, ಲೋಹ ಅಲ್ಲಲ್ಲ ಅದು, ಮ್ಯಾಲ ಅದರ ಎಣ್ಣಿ ಒಳಗ ಉರಿ ಎಬ್ಬಸ್ತೈತಿ. ಅದಕ್ಕ ಗಾಡಿ ಮ್ಯಾಲ ಇದ್ದಾಂವ ಸ್ಟೆಥಸ್ಕೋಪ್ ಎರಡೂ ಕಡೆ ಇಟ್ಟು ಬಲಗಡೆ ಗಾಳಿ ಕಡಿಮಿ ಹೊಂಟೈತಿ ಅಂತ ಒಂದ ಲೈನ್ ಬರಕೊಂಡ ಬಂದ್ರ ಡಾಕ್ಟರಿಗೆ ಎಷ್ಟ ಅನುಕೂಲ ಆಗ್ತೈತಿ ಗೊತ್ತೇನ. ಬಾಯಾಗ ಕಣ್ಣಿಗೆ ಕಾಣದನ್ನ ಬೆರಳ ಹಾಕಿ ತಗ್ಯಾಕ ಹೋಗಬ್ಯಾಡ್ರಿ, ಇನ್ನೂ ಒಳಗ ದಬ್ಬತೀರಿ. ಒಂದ ವರ್ಷದೊಳಗಿನ ಕೂಸಿಗೆ ಉಸುರ ಪೂರಾ ಕಟ್ಟಿತ್ತಂದ್ರ ಬೆನ್ನಿಗೆ 5 ಏಟು ಎದಿಗೆ 5 ಒತ್ತು, ಹೊಟ್ಟಿ ಒತ್ತಬಾರದು, ಯಾಕಂದ್ರ ಆ ವಯಸ್ಸಿನ್ಯಾಗ ಲಿವರ್ ದೊಡ್ಡದಿದ್ದು ಪಕ್ಕಿ ಎಲಬಿನ ಕೆಳಗ ಹೊರಗ ಚಾಚಿರ್ತೈತಿ.

ನೇರ_ಮಾತು
ಎಲ್ಲಾ ಛಲೋ ಬರದೀರಿ, ಆದ್ರ ನನಗ ಅನಸೋದು ಬ್ಯಾರೆ. ನಾ ಎರಡು ವರ್ಷ ಈ ಕೆಲಸ ಮಾಡಿ ಬಿಟ್ಟೇನಿ. ಏನೇನ ಮಾಡಬೇಕು ಅಂತ ಬರದ ಪ್ರೋಟೋಕಾಲ್ ಕಾರ್ಡ್ ಇರ್ತೈತಿ, ಫೋನ್ ಮ್ಯಾಲ ಡಾಕ್ಟರ್ ಇರ್ತಾರ, ಪೇಶಂಟನ್ನ ಗಾಡಿಗೆ ಹಾಕು, ಆಕ್ಸಿಜನ್ ಹಚ್ಚು, ಲಗೂನ ಮುಟ್ಟಸು. ಇಷ್ಟೆಲ್ಲಾ ಫಿಸಿಯಾಲಜಿ ಯಾಕ ಬೇಕ್ರಿ? ಅದು ಎಂಬಿಬಿಎಸ್‌ನವರ ಕೆಲಸ. ಈ ಹುಡುಗನ್ನ ಸುಮ್ನ ಹೆದರಸಾಕತ್ತೀರಿ.

ಘಟಪ್ರಭಾ_ದಂಡಿ
ನೇರ ಮಾತು ಅವರ, ನೀವೂ ಕೆಲಸ ಮಾಡಿದವರು, ಅದಕ್ಕ ನಿಮಗ ಒಂದ ನಡದದ್ದು ಹೇಳ್ತೀನಿ. ಇದನ್ನ ಇಷ್ಟ ದಿನ ಎಲ್ಲೂ ಬರದಿಲ್ಲ.

ಕಬ್ಬಿನ ಹಂಗಾಮು, ಜನವರಿ ರಾತ್ರಿ. ಕಬ್ಬಿನ ಎರಡ ಟ್ರೇಲರಿನ ಟ್ರ್ಯಾಕ್ಟರ್ ರೋಡ್ ಬದಿಗೆ ನಿಂತಿತ್ತು, ಹಿಂದ ಲೈಟ್ ಇಲ್ಲ ರಿಫ್ಲೆಕ್ಟರ್ ಇಲ್ಲ, ಒಬ್ಬ ಹುಡುಗ ಬೈಕ್ ಮ್ಯಾಲ ಬಂದು ಹಿಂದಿನಿಂದ ಹೊಡದ. ನಾವ ಹೋದಾಗ ಎದ್ದು ಕುಂತಿದ್ದ. ಮಾತಾಡಾಕತ್ತಿದ್ದ. ನಾಡಿ 110, ಬಿಪಿ 118/76, ಆಕ್ಸಿಜನ್ ಹಚ್ಚಿದ ಮ್ಯಾಲ ಬೆರಳಿನ ಮಷೀನ್ 97 ತೋರಸ್ತು. ಫಾರ್ಮಿನ್ಯಾಗ ಉಸುರಿನ ಜಾಗದಾಗ ನಾ 18 ಅಂತ ಬರದೆ. ಎಣಸಿರಲಿಲ್ಲ. ಎಲ್ಲಾರೂ 18 ಅಂತ ಬರೀತಿದ್ರು, ನಾನೂ ಬರದೆ. ದವಾಖಾನಿ ಮುಟ್ಟಾಕ 40 ನಿಮಿಷದ ದಾರಿ. ಅರ್ಧ ದಾರಿಯಾಗ ನಿನ್ನ ಊರ ಯಾವುದೋ ಅಂತ ಕೇಳಿದೆ, ಆಂವ ಊರಿನ ಹೆಸರು ಹೇಳಿ ಉಸುರು ತಗೊಂಡ, ಅವ್ವಗ ಅಂದು ಉಸುರು ತಗೊಂಡ, ಹೇಳಬ್ಯಾಡ್ರಿ ಅಂದು ಮತ್ತ ಉಸುರು ತಗೊಂಡ. ಅವಾಗ ಗಡಿಯಾರ ನೋಡಿ ಎಣಿಸಿದೆ. 38. ಎದಿ ಪೂರಾ ಏಳಾಕತ್ತಿರಲಿಲ್ಲ, ಅಂಗಿ ಮ್ಯಾಲಿನ ಗುಂಡಿ ಇಷ್ಟ ಇಷ್ಟ ಅಲಗ್ಯಾಡಾಕತ್ತಿತ್ತು. ಪಕ್ಕಿ ಎಲಬು ಮುರದಿದ್ವು, ನೋವಿಗೆ ಪೂರಾ ಉಸುರು ಎಳಕೊಳ್ಳಾಕ ಆಗವಲ್ದಾಗಿತ್ತು ಅವಂಗ.

ಈಗ ಲೆಕ್ಕ ನೋಡ್ರಿ, ಇದ ನನ್ನ ಉತ್ತರ. ಸರಿ ಇದ್ದ ಮನಷ್ಯಾ ಒಂದ ಸಲಕ್ಕ 500 ಎಂಎಲ್ ಗಾಳಿ ಎಳಕೋತಾನ. ಅದರಾಗ 150 ಎಂಎಲ್ ಮೂಗು ಗಂಟಲ ಶ್ವಾಸನಾಳದಾಗನ ನಿಂದ್ರತೈತಿ, ರಕ್ತಕ್ಕ ಮುಟ್ಟಂಗಿಲ್ಲ, ಡೆಡ್ ಸ್ಪೇಸ್ ಅಂತಾರ ಅದಕ್ಕ. ಉಳದ 350 ಅಷ್ಟ ಕೆಲಸಕ್ಕ ಬರೋದು. ನಿಮಿಷಕ್ಕ 14 ಸಲ ಅಂದ್ರ 350 ಗುಣಲೆ 14, 4900 ಎಂಎಲ್. ನನ್ನ ಪೇಶಂಟ್ ಒಂದ ಸಲಕ್ಕ 200 ಎಳಕೊಳ್ಳಾಕತ್ತಿದ್ದ ಅಂತ ಹಿಡೀರಿ, ಅದರಾಗೂ 150 ದಾರಿಯಾಗನ ಹೋತು, ಉಳದದ್ದು 50. 50 ಗುಣಲೆ 38, 1900 ಎಂಎಲ್. ಹೊರಗಿಂದ ನೋಡಿದ್ರ ಇಬ್ಬರೂ ನಿಮಿಷಕ್ಕ 7 ಲೀಟರ್ ಇಲ್ಲಾ ಅದಕ್ಕಿಂತ ಹೆಚ್ಚ ಗಾಳಿ ಆಡಸಾಕತ್ತಾರ, ಒಳಗ ಮುಟ್ಟೋದು ಒಬ್ಬಂಗ ಅರ್ಧಾನೂ ಇಲ್ಲ. ಆ ಬೆರಳಿನ ಮಷೀನ್ ಆಕ್ಸಿಜನ್ ಅಷ್ಟ ತೋರಸ್ತೈತಿ, ಒಳಗ ಕಾರ್ಬನ್ ಡೈಆಕ್ಸೈಡ್ ಕೂಡಾಕತ್ತಿದ್ದು ತೋರಸಂಗಿಲ್ಲ, ನಾವು ಹೊರಗಿಂದ ಆಕ್ಸಿಜನ್ ಹಚ್ಚಿದಮ್ಯಾಗಂತೂ 97 ನೋಡಿ ನಂಬಬಾರದು.

ದವಾಖಾನ್ಯಾಗ ಭಾಳ ಗದ್ದಲ ಇತ್ತು ಅವತ್ತ. ನನ್ನ ಹಾಳಿ ನೋಡಿದ್ರು, ಎಲ್ಲಾ ನಾರ್ಮಲ್, ಉಸುರು 18. ಬಾಜೂಕ ಮಲಗಿಸಿದ್ರು. ನಾ ಬಾಯಿಲೆ 38 ಅಂತ ಹೇಳಿದ್ದೆ, ಆದ್ರ ಹಾಳ್ಯಾಗ ತಿದ್ದಿರಲಿಲ್ಲ, ಹೊಡದು ಬರಿಯಾಕ ನಾಚಿಕಿ ಆಗಿತ್ತು. ಮುಕ್ಕಾಲು ತಾಸಿನ್ಯಾಗ ಹುಡುಗ ಮಂಕಾದ, ವೆಂಟಿಲೇಟರಿಗೆ ಹಾಕಬೇಕಾತು. ಬದುಕಿದ, ದೇವರ ದೊಡ್ಡಾಂವ. ಆದ್ರ ಆ 18 ನನ್ನ ಕೈಲೆ ಬರದದ್ದು. ಪ್ರೋಟೋಕಾಲ್ ಕಾರ್ಡ್ ನನ್ನ ಕಿಸೆದಾಗ ಇತ್ತರಿ ಅವಾಗ, ಉಸುರು ಎಣಸು ಅಂತ ಅದರಾಗ ಬರದೂ ಇತ್ತು. ಯಾಕ ಎಣಸಬೇಕು ಅನ್ನೋದು ನನಗ ಗೊತ್ತಿರಲಿಲ್ಲ, ಅದಕ್ಕ ಎಣಸಲಿಲ್ಲ.

ನೇರ_ಮಾತು
ಅಣ್ಣಾರ, ನಾನೂ 18 ಅಂತನ ಬರೀತಿದ್ದೆ. ಎಷ್ಟ ಸಲ ಬರದೀನೋ ಲೆಕ್ಕ ಇಲ್ಲ. ನನ್ನ ಮಾತು ವಾಪಸ್ ತಗೋತೀನ್ರಿ.

ಓಟಿ_ಟೆಕ್ನಿಷಿಯನ್_ಬಿಜಾಪುರ
ದಂಡಿ ಅಣ್ಣಾರ ಲೆಕ್ಕಕ್ಕ ನಂದೊಂದು ಸೇರಸ್ತೀನಿ. ಅಂಬು ಬ್ಯಾಗ್ (ಪೇಶಂಟಿಗೆ ಕೈಲೆ ಒತ್ತಿ ಉಸುರು ಕೊಡೋ ಚೀಲ) ಒತ್ತುವಾಗ ಹೊಸಬರು ಗಾಬರಿಯಾಗಿ ಪೂರಾ ಹಿಂಡ್ತಾರ. ದೊಡ್ಡವರ ಬ್ಯಾಗಿನ್ಯಾಗ ಒಂದೂವರಿ ಲೀಟರ್ ಗಾಳಿ ಇರ್ತೈತಿ, ಪೇಶಂಟಿಗೆ ಬೇಕಾದದ್ದು ಅರ್ಧ ಲೀಟರ್, ಎದಿ ಎದ್ದದ್ದು ಕಣ್ಣಿಗೆ ಕಂಡ್ರ ಸಾಕು, 6 ಸೆಕೆಂಡಿಗೆ ಒಂದ ಸಲ. ಜಾಸ್ತಿ ಒತ್ತಿದ್ರ ಗಾಳಿ ಹೊಟ್ಟಿಗೆ ಹೋಗಿ ವಾಂತಿ ಆಗ್ತೈತಿ, ಅದು ಮತ್ತ ಲಂಗ್ಸಿಗೆ ಇಳೀತೈತಿ. ಅಷ್ಟ ಅಲ್ಲ, ಎದಿಯೊಳಗ ಒತ್ತಡ ಏರಿದ್ರ ಮೈಯಿಂದ ಹೃದಯಕ್ಕ ವಾಪಸ್ ಬರೋ ರಕ್ತ ಕಡಿಮಿ ಆಗ್ತೈತಿ.

ಸಿಪಿಆರ್‌ದಾಗೂ (ಹೃದಯ ನಿಂತಾಗ ಎದಿ ಒತ್ತೋದು) ಇಂಥದ್ದ ಒಂದೈತಿ. ನಿಮಿಷಕ್ಕ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, ಇದು ಎಲ್ಲಾರಿಗೂ ಬಾಯಿಪಾಠ. ಆದ್ರ ಒತ್ತಿದ ಮ್ಯಾಲ ಕೈ ಭಾರ ಪೂರಾ ಬಿಡಬೇಕು ಅನ್ನೋದು ಯಾಕ? ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಸಿಗೋದು ಮುಖ್ಯವಾಗಿ ಅದು ಸಡಿಲ ಆದಾಗ, ಹಿಂಡಿದಾಗ ಅಲ್ಲ. ನೀವ ಎದಿ ಮ್ಯಾಲ ಒರಗಿಕೊಂಡ ಇದ್ರ ಹೃದಯಕ್ಕ ಹೋಗೋ ರಕ್ತ ಕಡಿಮಿ ಆಗ್ತೈತಿ. ನಡಕ ನಿಲ್ಲಸಬ್ಯಾಡ್ರಿ ಅನ್ನೋದಕ್ಕ ನಮ್ಮೂರ ಬೋರಿಂಗ್ ನೆನಸ್ರಿ, ಕೈಲೆ ಹೊಡಿಯೋದು, ಹೊಡಿಯೋದು ಬಿಟ್ರ ನೀರ ಕೆಳಗ ಇಳದುಬಿಡ್ತಾವ, ಮತ್ತ ನಾಕೈದ ಸಲ ಖಾಲಿ ಹೊಡದ ಮ್ಯಾಲನ ಕೊಡಕ್ಕ ನೀರ ಬೀಳತಾವ. ಎದಿ ಒತ್ತೋದು ನಿಲ್ಲಿಸಿದ್ರ ಒತ್ತಡ ಹಂಗ ಇಳೀತೈತಿ, ಮತ್ತ ಮೊದಲಿಂದ ಏರಸಬೇಕು.

ತಲಿಗೆ ಪೆಟ್ಟು ಬಿದ್ದವರದು ಉಲ್ಟಾ ಇರ್ತೈತಿ ನೋಡ್ರಿ, ತಲಿಬುರುಡಿ ಗಟ್ಟಿ ಡಬ್ಬಿ ಇದ್ದಂಗ, ಒಳಗ ರಕ್ತ ತುಂಬಿದ್ರ ಹಿಗ್ಗಾಕ ಜಾಗ ಇಲ್ಲ, ಬಿಪಿ ಏರ್ತೈತಿ, ನಾಡಿ ಇಳೀತೈತಿ, ಉಸುರು ಹೆಂಗಂದ್ರ ಹಂಗ ಆಗ್ತೈತಿ. ರಕ್ತ ಸೋರಿದಾಗ ನಾಡಿ ಏರಿ ಬಿಪಿ ಇಳೀತೈತಿ. ಇವೆರಡನ್ನ ಎದುರುಬದುರು ಬರದ ಗ್ವಾಡಿಗೆ ಹಚ್ಚು ತಮ್ಮಾ.

ಹುನಗುಂದ_ರೋಡ್
ಬೆನ್ನೆಲಬಿಂದೂ ಹೇಳ್ರಿ ಯಾರರ. ನಮ್ಮ ಕಡೆ ಎನ್‌ಎಚ್ 50 ಮ್ಯಾಲ ಆಕ್ಸಿಡೆಂಟ್ ಆದ್ರ ಮಂದಿ ಪ್ರೀತಿಲೆ ಓಡಿ ಬಂದು ಕೈ ಒಬ್ಬರು ಕಾಲ ಒಬ್ಬರು ಹಿಡದು ಎತ್ತತಾರ.

ಓಟಿ_ಟೆಕ್ನಿಷಿಯನ್_ಬಿಜಾಪುರ
ಕುತ್ತಿಗ್ಯಾಗ 7 ಮಣಿ. 3, 4, 5ನೇದ್ದರ ಹತ್ತಿರದ ನರ ಕೂಡಿ ಡಯಾಫ್ರಮ್ ನಡಸ್ತಾವ, ಉಸುರಾಟದ ಮುಖ್ಯ ಸ್ನಾಯು ಅದ. ಅದರ ಮ್ಯಾಲ ಬೆನ್ನುಹುರಿ ಕಡದ್ರ ಉಸುರು ಅಲ್ಲೇ ನಿಂದ್ರತೈತಿ. ಅದರ ಕೆಳಗ ಆದ್ರ ಹೊಟ್ಟಿ ಅಷ್ಟ ಏಳತೈತಿ ಎದಿ ಏಳಂಗಿಲ್ಲ, ಅದನ್ನೂ ನೋಡಿ ಬರಕೋಬೇಕು. ಮಂದಿಗೆ ಬೈಬ್ಯಾಡ್ರಿ, ಅವರ ಕೈಗೇ ಕೆಲಸ ಹಚ್ಚಿ ಒಬ್ಬರನ್ನ ತಲಿ ಅಲಗದಂಗ ಹಿಡಕೊಳ್ಳಾಕ ಕುಂದ್ರಸ್ರಿ.

ತಿಕೋಟಾ_ಹುಡುಗ
ನಮ್ಮ ಕಡೆದ್ದೊಂದು ಕೇಳ್ತೀನ್ರಿ. ದ್ರಾಕ್ಷಿ ತ್ವಾಟಕ್ಕ ಎಣ್ಣಿ (ಕೀಟನಾಶಕ) ಹೊಡ್ಯಾಕ ಹೋಗಿ ಬಿದ್ದವರನ್ನ ಸಣ್ಣಾಂವ ಇದ್ದಾಗಿಂದ ನೋಡೀನಿ, ಬಾಯಿಂದ ಜೊಲ್ಲು, ಕಣ್ಣಾಗ ನೀರು, ಮೈಯೆಲ್ಲಾ ಬೆವರು. ಒಳಗ ಏನಾಗಿರ್ತೈತ್ರಿ?

ಬೆಳಗಾವಿ_ಸಿಸ್ಟರ್
ಛಲೋ ಕೇಳಿದಿ. ನರದ ತುದಿಯಿಂದ ಸ್ನಾಯುವಿಗೆ, ಗ್ರಂಥಿಗೆ ಸುದ್ದಿ ಮುಟ್ಟಸೋದು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ. ಸುದ್ದಿ ಮುಟ್ಟಿದಮ್ಯಾಲ ಅದನ್ನ ಗುಡಿಸಿ ಹಾಕಾಕ ಒಂದ ಎಂಜೈಮ್ ಐತಿ. ಆರ್ಗನೋಫಾಸ್ಫೇಟ್ ಜಾತಿ ಎಣ್ಣಿ ಆ ಗುಡಿಸೋ ಎಂಜೈಮಿನ ಕೈ ಕಟ್ಟಿಬಿಡ್ತೈತಿ. ಸುದ್ದಿ ನಿಂದ್ರಂಗಿಲ್ಲ, ನಳ ಬಂದ್ ಆಗಂಗಿಲ್ಲ, ಜೊಲ್ಲು, ಕಣ್ಣೀರು, ಬೆವರು, ಉಚ್ಚಿ, ಭೇದಿ ಎಲ್ಲಾ ಹರೀತಾವ, ಕಣ್ಣಿನ ಪಾಪಿ ಸೂಜಿ ಮೊನಿಯಷ್ಟ ಆಗ್ತೈತಿ, ಭಾಳ ಸಲ ನಾಡಿ ನಿಧಾನ ಆಗ್ತೈತಿ. ಜೀವಕ್ಕ ಬರೋದು ಲಂಗ್ಸಿನ್ಯಾಗ ನೀರ ತುಂಬೋದು, ಮತ್ತ ಉಸುರಾಡೋ ಸ್ನಾಯು ಮೊದಲ ನಡುಗಿ ಆಮ್ಯಾಲ ಸೋತು ಬಿಡೋದು. ಅಟ್ರೋಪಿನ್ ಅನ್ನೋ ಔಷಧ ಆ ನೀರ ಒಣಗಸ್ತೈತಿ, ಸ್ನಾಯು ಸೋತದ್ದಕ್ಕ ಅದು ಕೆಲಸ ಮಾಡಂಗಿಲ್ಲ, ಅದಕ್ಕ ಇಂಜೆಕ್ಷನ್ ಆತು ಅಂತ ಉಸುರು ನೋಡೋದು ಬಿಡಬಾರದು. ನೀ ಮೊದಲ ಗ್ಲೋವ್ಸ್ ಹಾಕ್ಕೋ, ಅಂಗಿ ಬಿಚ್ಚಿ ಸಾಬೂನ ನೀರಿಲೆ ತೊಳಿ, ಮಗ್ಗಲಾಗಿ ಮಲಗಿಸಿ ಬಾಯಿ ಸಕ್ಷನ್ ಮಾಡು (ಜೊಲ್ಲು ಮಷೀನಿಲೆ ಎಳದು ತಗಿ). ಉಪ್ಪಿನ ನೀರ ಕುಡಿಸಿ ವಾಂತಿ ಮಾಡಸ್ತೀವಿ ಅಂತ ಮನಿಯವರು ಬಂದ್ರ ಕೈ ಮುಗದು ಬ್ಯಾಡ ಅನ್ನು.

ಗೋಕಾಕ_ವಿದ್ಯಾರ್ಥಿನಿ
ನಮ್ಮಲ್ಲಿ ಪ್ಲಾಸ್ಟಿಕ್ ಮಾಡೆಲ್ ಅಷ್ಟ ಐತ್ರಿ, ಅಪಧಮನಿ ಕೆಂಪು ಅಭಿಧಮನಿ ನೀಲಿ. ಖರೇ ದೇಹ ನೋಡಿದ್ರ ಉಪಯೋಗ ಆಗ್ತೈತೇನು?

ಬೆಳಗಾವಿ_ಸಿಸ್ಟರ್
ಆಗ್ತೈತಿ ಅಕ್ಕಾ, ನಿಮ್ಮ ಕೋರ್ಸಿನವರ ಮುಖಾಂತರ ಮೆಡಿಕಲ್ ಕಾಲೇಜಿನವರನ್ನ ಕೇಳ್ರಿ. ಅಲ್ಲಿ ಕೆಂಪು ನೀಲಿ ಏನೂ ಇರಂಗಿಲ್ಲ, ಎಲ್ಲಾ ಒಂದ ನಮೂನಿ ಬೂದಿ ಬಣ್ಣ, ಕೈಲೆ ಮುಟ್ಟಿದಾಗ ಅಪಧಮನಿ ಗೋಡಿ ದಪ್ಪ ಅಂತ ತಿಳೀತೈತಿ. ನಾ ಮೊದಲನೇ ಸಲ ಹೃದಯ ಕೈಯಾಗ ಹಿಡದಾಗ ಇಷ್ಟ ಸಣ್ಣದ ಅನಸ್ತು, ನನ್ನ ಮುಷ್ಟಿಯಷ್ಟ. ನಮ್ಮ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನ್ಯಾಗ ಡಾ. ಮಹಾಂತೇಶ ರಾಮಣ್ಣವರ 2010ರಾಗ ತಮ್ಮ ತಂದಿ ಡಾ. ಬಸವಣ್ಣೆಪ್ಪ ರಾಮಣ್ಣವರ ದಾನ ಮಾಡಿದ ದೇಹವನ್ನ ತಾವ ಡಿಸೆಕ್ಷನ್ ಮಾಡಿ (ಕೊಯ್ದು ತೋರಿಸಿ) ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ರು. ತಂದಿ ಇಚ್ಛೆ ಅದ ಆಗಿತ್ತು. ಟೇಬಲ್ ಮುಂದ ನಿಂತಾಗ ಇದನ್ನ ನೆನಸ್ಕೋ, ಮಲಗಿದವರೂ ಒಬ್ಬರಿಗೆ ತಂದಿ, ತಾಯಿ ಇದ್ದವರು.

ಘಟಪ್ರಭಾ_ದಂಡಿ
ಗೋಕಾಕದ ತಂಗಿ, ತಿಕೋಟಾ ತಮ್ಮಾ, ಇಬ್ಬರೂ ಒಂದ ಕೆಲಸ ಮಾಡ್ರಿ. ಸೆಕೆಂಡ್ ಮುಳ್ಳಿದ್ದ ಗಡಿಯಾರ ಒಂದ ತಗೋರಿ, ಮನಿಯವರ ಉಸುರು ಎಣಸ್ರಿ, ಪೂರಾ ಒಂದ ನಿಮಿಷ. ಪೇಶಂಟಿಗೆ ಎಣಸ್ತೀನಿ ಅಂತ ಹೇಳಬ್ಯಾಡ್ರಿ, ಗೊತ್ತಾದ್ರ ಉಸುರು ಬದಲಾಗ್ತೈತಿ. ನಾಡಿ ಹಿಡದಂಗ ಕೈ ಹಿಡಕೊಂಡು ಕಣ್ಣ ಎದಿ ಮ್ಯಾಲ ಇಡ್ರಿ.

ತಿಕೋಟಾ_ಹುಡುಗ
ಎರಡು ದಿನ ಬಿಟ್ಟು ಬರಿಯಾಕತ್ತೀನ್ರಿ. ಗಡಿಯಾರ ತಗೊಂಡೆ. ಆಯಿ ಕಟ್ಟಿ ಮ್ಯಾಲ ಕುಂತು ಬತ್ತಿ ಹೊಸ್ಯಾಕತ್ತಿದ್ಲು. ಮೊದಲ 15 ಸೆಕೆಂಡ್ ಎಣಿಸಿ 4ಲೆ ಗುಣಿಸಿದೆ, 12 ಬಂತು. ಆಮ್ಯಾಲ ಕೈ ಹಿಡದು ಪೂರಾ ನಿಮಿಷ ಎಣಿಸಿದೆ, 17. ಅಷ್ಟ ಫರಕ್ ರೀ! ನಡಕ ಒಂದ ಸಲ ನಿಟ್ಟುಸುರು ಬಿಟ್ಲು, ಒಂದ ಸಲ ಉಗುಳು ನುಂಗಿದ್ಲು, ಅವಾಗ ಉಸುರು ನಿಂತು ಮತ್ತ ಶುರು ಆತು. ಇಷ್ಟ ವರ್ಷ ಬಾಜೂಕ ಕುಂತೀನಿ, ಒಂದ ಸಲಾನೂ ನೋಡಿರಲಿಲ್ಲ ಇದನ್ನ. ಕೈ ಯಾಕ ಇಷ್ಟೊತ್ತು ಹಿಡದಿಯೋ ಅಂತ ಕೇಳಿದ್ಲು.

ಬೆಳಗಾವಿ_ಸಿಸ್ಟರ್
ಶಾಬಾಸ್. ಮನ್ಯಾಗ ಸಣ್ಣ ಕೂಸೇನರ ಐತೇನು? ಕೂಸಿಂದು ಎದಿ ನೋಡಿ ಎಣಸಬ್ಯಾಡ, ಹೊಟ್ಟಿ ನೋಡು. ಅವು ಡಯಾಫ್ರಮ್ ಮ್ಯಾಲನ ಉಸುರಾಡ್ತಾವ, ಪಕ್ಕಿ ಎಲಬು ಇನ್ನೂ ಅಡ್ಡ ಮತ್ತ ಮೆತ್ತಗ ಇರ್ತಾವ. ಅಳುವಾಗ, ಹಾಲ ಕುಡಿಯುವಾಗ ಎಣಸಬ್ಯಾಡ.

ತಿಕೋಟಾ_ಹುಡುಗ
ಅಕ್ಕನ ಕೂಸು ಐತ್ರಿ, 5 ತಿಂಗಳದ್ದು. ಇವತ್ತ ಸಂಜಿಕ ಹೋಗಿದ್ದೆ. ತೊಟ್ಟಲದಾಗ ಮಲಗಿತ್ತು, ಅಂಗಿ ಒಂಚೂರು ಮ್ಯಾಲ ಸರಿಸಿ ಎಣಿಸಿದೆ. 42 ಬಂತ್ರಿ. ದಂಡಿ ಕಾಕಾರ ಆ 38 ನೆನಪಾಗಿ ಗಾಬರಿ ಆತು, ಎರಡನೇ ಸಲ ಎಣಿಸಿದೆ, 41. ಕೂಸು ಆರಾಮ ಮಲಗೈತಿ, ಪಕ್ಕಿ ಒಳಗ ಎಳಕೊಳ್ಳಾಕತ್ತಿಲ್ಲ, ಮೂಗಿನ ಹೊಳ್ಳಿ ಅರಳಾಕತ್ತಿಲ್ಲ. ಇದು ಸರಿ ಐತೇನ್ರಿ?

ಬೆಳಗಾವಿ_ಸಿಸ್ಟರ್
ಸರಿ ಐತಿ. 2 ತಿಂಗಳೊಳಗ 60 ಇಲ್ಲಾ ಮ್ಯಾಲ, 2 ತಿಂಗಳಿಂದ ಒಂದ ವರ್ಷದೊಳಗ 50 ಇಲ್ಲಾ ಮ್ಯಾಲ, ಒಂದರಿಂದ 5 ವರ್ಷದೊಳಗ 40 ಇಲ್ಲಾ ಮ್ಯಾಲ ಬಂದ್ರ ಅದು ಜೋರ ಉಸುರು. 42 ಅಂದ್ರ ಆರಾಮ ಐತಿ, ತೊಟ್ಟಲಾ ತೂಗಿ ಬಾ.